ಹೃದಯ ನಿಮಿಷಕ್ಕೆಷ್ಟು ರಕ್ತ ತಳ್ಳುತ್ತಿದೆ? ಕಾರ್ಡಿಯಾಕ್ ಔಟ್‌ಪುಟ್ ಸರಿಯಾಗಿ ಅಳೆಯುವ ಬಗೆ

ಮಾನಿಟರ್‌ನಲ್ಲಿ ರಕ್ತದೊತ್ತಡ 110/80 ಕಾಣುತ್ತಿದ್ದರೂ ಹೃದಯ ನಿಮಿಷಕ್ಕೆ ಎರಡೂವರೆ ಲೀಟರ್ ಮಾತ್ರ ತಳ್ಳುತ್ತಿರಬಹುದು. ರಕ್ತನಾಳಗಳು ಬಿಗಿದುಕೊಂಡು ಒತ್ತಡವನ್ನು ಎತ್ತಿ ಹಿಡಿದಿರುತ್ತವೆ. ಸೋಂಕು ಮೈಗೆಲ್ಲ ಏರಿ ನಾಳಗಳು ಸಡಿಲಗೊಂಡ ರೋಗಿಯಲ್ಲಿ ಇದಕ್ಕೆ ತದ್ವಿರುದ್ಧ: ಒಂಬತ್ತು ಲೀಟರ್ ಹರಿಯುತ್ತಿದ್ದರೂ ಮೇಲಿನ ಒತ್ತಡ 80 ದಾಟುವುದಿಲ್ಲ. ಮೊದಲನೆಯವರಿಗೆ ಬೇಕಾದದ್ದು ಹೃದಯಕ್ಕೆ ಬಲ ಕೊಡುವ ಔಷಧ, ಎರಡನೆಯವರಿಗೆ ನಾಳ ಬಿಗಿಸುವ ಔಷಧ. ಅದಲುಬದಲಾದರೆ ಇಬ್ಬರಿಗೂ ಕೇಡು. ಶಾಕ್‌ನಲ್ಲಿರುವ (ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿಯಲ್ಲಿರುವ) ರೋಗಿ ಮೊದಲ ಚಿಕಿತ್ಸೆಗೆ ಜಗ್ಗದಿದ್ದರೆ ಊಹೆ ಬಿಟ್ಟು ಹರಿವನ್ನೇ ಅಳೆಯಬೇಕಾಗುವುದು ಇದಕ್ಕೇ.

ಅಳೆಯುವ ಉಪಕರಣಗಳು ಹಲವು. ಯಾವುದಾದರೂ ಸರಿ, ಗುಂಡಿ ಒತ್ತಿದರೆ ಒಂದು ಅಂಕಿ ಕೊಟ್ಟೇ ಕೊಡುತ್ತದೆ. ಸರಿಯಾದ ಅಂಕಿಯೂ ತಪ್ಪು ಅಂಕಿಯೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಪ್ರತಿ ವಿಧಾನದಲ್ಲೂ ಸಣ್ಣ ಕೈತಪ್ಪು ದೊಡ್ಡ ತಪ್ಪಾಗಿ ಬೆಳೆಯುವ ಜಾಗವೊಂದಿದೆ. ಅದು ಎಲ್ಲಿದೆ ಎಂದು ಗೊತ್ತಿದ್ದವರ ಕೈಯಲ್ಲಿ ಹಳೆಯ ಉಪಕರಣವೂ ಒಳ್ಳೆಯ ಅಳತೆ ಕೊಡುತ್ತದೆ. ಐಸಿಯು, ಹೃದಯಕ್ಕೆ ನಳಿಕೆ ತೂರಿಸುವ ಕ್ಯಾತ್ ಲ್ಯಾಬ್, ಎಕೋ (ಹೃದಯದ ಅಲ್ಟ್ರಾಸೌಂಡ್) ಕೋಣೆಗಳಲ್ಲಿ ಕೈಯಾರೆ ಈ ಕೆಲಸ ಮಾಡುವ ವೈದ್ಯರು, ನರ್ಸ್‌ಗಳು, ಟೆಕ್ನಿಷಿಯನ್‌ಗಳಿಗಾಗಿ ಇದನ್ನು ಬರೆದಿದ್ದೇವೆ.

ಮೊದಲು ಅಂಕಿಗಳ ಪರಿಚಯ

ಒಂದು ಬಡಿತಕ್ಕೆ ಹೊರಬೀಳುವ ರಕ್ತ ಸ್ಟ್ರೋಕ್ ವಾಲ್ಯೂಮ್. ಅದನ್ನು ನಿಮಿಷದ ಬಡಿತಗಳಿಂದ ಗುಣಿಸಿದರೆ ಕಾರ್ಡಿಯಾಕ್ ಔಟ್‌ಪುಟ್. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ನಿಮಿಷಕ್ಕೆ 4ರಿಂದ 8 ಲೀಟರ್. ಆದರೆ 45 ಕೆ.ಜಿ. ತೂಕದವರಿಗೆ ಸಾಕಾಗುವ ನಾಲ್ಕು ಲೀಟರ್ 100 ಕೆ.ಜಿ. ತೂಕದವರಿಗೆ ಸಾಲದು. ಅದಕ್ಕೇ ದೇಹದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿ ಕಾರ್ಡಿಯಾಕ್ ಇಂಡೆಕ್ಸ್ ಎಂದು ಬರೆಯುತ್ತೇವೆ. ಅದರ ಸಾಮಾನ್ಯ ವ್ಯಾಪ್ತಿ ಚದರ ಮೀಟರಿಗೆ 2.5ರಿಂದ 4 ಲೀಟರ್. 2.2ಕ್ಕಿಂತ ಕೆಳಗಿಳಿದು ಅಂಗಾಂಗಗಳಿಗೆ ರಕ್ತ ಸಾಲದ ಲಕ್ಷಣಗಳೂ ಇದ್ದರೆ ಹೃದಯದಿಂದಲೇ ಬಂದ ಶಾಕ್ ಇರಬಹುದೆಂದು ನೋಡಬೇಕು.

ಮೇಲ್ಮೈ ವಿಸ್ತೀರ್ಣಕ್ಕೆ ಮೊಸ್ಟೆಲರ್ ಸೂತ್ರ ಸುಲಭ: ಎತ್ತರ ಸೆಂ.ಮೀ.ನಲ್ಲಿ, ತೂಕ ಕೆ.ಜಿ.ಯಲ್ಲಿ ಗುಣಿಸಿ, 3600ರಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. 165 ಸೆಂ.ಮೀ., 60 ಕೆ.ಜಿ.ಗೆ 1.66 ಚದರ ಮೀಟರ್ ಬರುತ್ತದೆ. ಎತ್ತರವನ್ನು ಕಣ್ಣಂದಾಜಿಗೆ ಹಾಕಬೇಡಿ, ಟೇಪ್ ಹಿಡಿದು ಅಳೆಯಿರಿ. ತೂಕ ಆಸ್ಪತ್ರೆಗೆ ಸೇರಿದ ದಿನದ್ದಿರಲಿ. ಹತ್ತು ಲೀಟರ್ ದ್ರವ ಸೇರಿ ಊದಿಕೊಂಡ ಮೈಯ ಇವತ್ತಿನ ತೂಕ ಹಾಕಿದರೆ ಇಂಡೆಕ್ಸ್ ಸುಮ್ಮನೆ ಕುಗ್ಗುತ್ತದೆ.

ಎಲ್ಲ ವಿಧಾನಗಳಿಗೂ ಬೇಕಾದ ಪೂರ್ವತಯಾರಿ

ರೋಗಿ ಅಂಗಾತ ಮಲಗಿರಲಿ ಅಥವಾ ತಲೆಭಾಗ ಸ್ವಲ್ಪ ಎತ್ತಿರಲಿ. ಮುಂದಿನ ಅಳತೆಗಳಲ್ಲೂ ಅದೇ ಕೋನ ಇರಬೇಕು. ನಡುಕ, ಕೆಮ್ಮು, ನೋವು, ಆಗತಾನೆ ಮಾಡಿದ ಸಕ್ಷನ್ ಇವೆಲ್ಲ ಆಮ್ಲಜನಕದ ಬೇಡಿಕೆಯನ್ನೂ ಹರಿವನ್ನೂ ಏರಿಸುತ್ತವೆ. ಹತ್ತು ನಿಮಿಷ ಕಾಯಿರಿ. ಔಷಧದ ಪ್ರಮಾಣ ಈಗಷ್ಟೇ ಬದಲಾಗಿದ್ದರೆ ಅದು ನೆಲೆಗೊಳ್ಳಲಿ.

ಒತ್ತಡದ ಟ್ರಾನ್ಸ್‌ಡ್ಯೂಸರ್ ಇದ್ದರೆ ಅದನ್ನು ನಾಲ್ಕನೇ ಪಕ್ಕೆಲುಬಿನ ಸಂದು ಮತ್ತು ಎದೆಯ ಪಕ್ಕದ ನಡುರೇಖೆ ಸೇರುವ ಮಟ್ಟಕ್ಕೆ ತಂದು ಸೊನ್ನೆ ಮಾಡಿ. ಹತ್ತು ಸೆಂ.ಮೀ. ಎತ್ತರ ತಪ್ಪಿದರೆ ಸುಮಾರು 7.5 ಮಿ.ಮೀ. ಪಾದರಸದಷ್ಟು ಒತ್ತಡ ತಪ್ಪುತ್ತದೆ. 90ರ ಸರಾಸರಿ ಧಮನಿ ಒತ್ತಡದಲ್ಲಿ ಅದು ಎದ್ದು ಕಾಣುವುದಿಲ್ಲ, 8ರ ಅಭಿಧಮನಿ ಒತ್ತಡದಲ್ಲಿ ಎಲ್ಲವೂ ಅದೇ ಆಗಿಬಿಡುತ್ತದೆ.

ಫಿಕ್ ವಿಧಾನ: ಆಮ್ಲಜನಕದ ಲೆಕ್ಕ

1870ರಲ್ಲಿ ಅಡಾಲ್ಫ್ ಫಿಕ್ ಹೇಳಿದ ತತ್ವ ಇವತ್ತಿಗೂ ಅಳತೆಗಳ ತಾಯಿಬೇರು. ದೇಹ ನಿಮಿಷಕ್ಕೆ ಬಳಸುವ ಆಮ್ಲಜನಕವನ್ನು, ಧಮನಿ ರಕ್ತದಲ್ಲಿರುವ ಮತ್ತು ಮಿಶ್ರ ಅಭಿಧಮನಿ ರಕ್ತದಲ್ಲಿ (ಇಡೀ ದೇಹದಿಂದ ಮರಳಿ ಹೃದಯದಲ್ಲಿ ಬೆರೆತ ರಕ್ತ) ಉಳಿದಿರುವ ಆಮ್ಲಜನಕದ ವ್ಯತ್ಯಾಸದಿಂದ ಭಾಗಿಸಿದರೆ ಹರಿವು ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಆಮ್ಲಜನಕ ಬಳಕೆ ನಿಮಿಷಕ್ಕೆ 250 ಮಿ.ಲೀ., ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 14 ಗ್ರಾಂ, ಧಮನಿಯ ಸ್ಯಾಚುರೇಶನ್ (ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಪಾಲು) ಶೇ. 98, ಮಿಶ್ರ ಅಭಿಧಮನಿಯದು ಶೇ. 73. ಒಂದು ಗ್ರಾಂ ಹಿಮೋಗ್ಲೋಬಿನ್ 1.36 ಮಿ.ಲೀ. ಆಮ್ಲಜನಕ ಹೊರುತ್ತದೆ. 14 × 1.36 × 10 × 0.25, ಅಂದರೆ ಪ್ರತಿ ಲೀಟರ್ ರಕ್ತಕ್ಕೆ 47.6 ಮಿ.ಲೀ. ವ್ಯತ್ಯಾಸ. 250ನ್ನು 47.6ರಿಂದ ಭಾಗಿಸಿದರೆ 5.25 ಲೀಟರ್. ಈಗ ಅಭಿಧಮನಿಯ ಸ್ಯಾಚುರೇಶನ್ ಬರೀ ಮೂರು ಅಂಶ ತಪ್ಪಿ 70 ಎಂದು ಬಂದಿತೆನ್ನಿ: ಉತ್ತರ 4.7ಕ್ಕೆ ಇಳಿಯುತ್ತದೆ. ಮೊದಲ ಎಚ್ಚರಿಕೆ ಬೇಕಾದ ಜಾಗ ಇದು.

ಮಿಶ್ರ ಅಭಿಧಮನಿಯ ರಕ್ತ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಆರ್ಟರಿಯಿಂದಲೇ ಬರಬೇಕು, ಅಲ್ಲಿಗೆ ತೂರಿಸಿದ ಬಲೂನ್ ತುದಿಯ ನಳಿಕೆಯಾದ ಕ್ಯಾತಿಟರ್‌ನ ತುದಿಯ ಕಿಂಡಿಯಿಂದ. ಬಲೂನ್ ಪೂರ್ತಿ ಇಳಿದಿರಲಿ. ಕೊಳವೆಯೊಳಗೆ ನಿಂತ ದ್ರವ ಹೋಗುವಂತೆ ಮೊದಲ 5 ಮಿ.ಲೀ. ತೆಗೆದು ಬಿಡಿ, ಆಮೇಲೆ ನಿಧಾನಕ್ಕೆ ಎಳೆಯಿರಿ. ಜೋರಾಗಿ ಎಳೆದರೆ ಶ್ವಾಸಕೋಶದ ಕೇಶನಾಳಗಳ ಆಮ್ಲಜನಕ ತುಂಬಿದ ರಕ್ತ ಹಿಂದಕ್ಕೆ ಬಂದು ಸೇರುತ್ತದೆ, ಸ್ಯಾಚುರೇಶನ್ ಸುಳ್ಳಾಗಿ ಏರುತ್ತದೆ, ಹರಿವೂ ಹೆಚ್ಚೆಂದು ತೋರುತ್ತದೆ. ಧಮನಿಯ ಮಾದರಿಯನ್ನೂ ಅದೇ ನಿಮಿಷದಲ್ಲಿ ತೆಗೆಯಿರಿ. ಸಿರಿಂಜಿನ ಗಾಳಿಗುಳ್ಳೆ ತೆಗೆದು ತಕ್ಷಣ, ಸ್ಯಾಚುರೇಶನ್ ನೇರವಾಗಿ ಅಳೆಯುವ ಕೋ-ಆಕ್ಸಿಮೀಟರ್‌ಗೆ ಕೊಡಿ. ಬ್ಲಡ್ ಗ್ಯಾಸ್ ಯಂತ್ರ ಆಮ್ಲಜನಕದ ಒತ್ತಡದಿಂದ ಲೆಕ್ಕ ಹಾಕಿ ಕೊಡುವ ಸ್ಯಾಚುರೇಶನ್ ಅಭಿಧಮನಿ ರಕ್ತಕ್ಕೆ ಸಾಲದು, ಅಳೆದ ಸ್ಯಾಚುರೇಶನ್ನೇ ಬೇಕು.

ಹೃದಯದ ಗೋಡೆಯಲ್ಲಿ ರಂಧ್ರವಿದ್ದು ಎಡದಿಂದ ಬಲಕ್ಕೆ ರಕ್ತ ಸೋರುತ್ತಿದ್ದರೆ ಪಲ್ಮನರಿ ಆರ್ಟರಿಯ ಮಾದರಿ ಕೆಲಸಕ್ಕೆ ಬಾರದು. ರಂಧ್ರಕ್ಕಿಂತ ಮೊದಲ ಜಾಗದಿಂದ ಎರಡು ಮಾದರಿ ತೆಗೆಯಬೇಕು: ಮೇಲಿನ ಮಹಾಭಿಧಮನಿಯ ಮೌಲ್ಯವನ್ನು ಮೂರು ಸಲ, ಕೆಳಗಿನದ್ದನ್ನು ಒಂದು ಸಲ ಕೂಡಿ ನಾಲ್ಕರಿಂದ ಭಾಗಿಸಿ.

ಶುದ್ಧ ಆಮ್ಲಜನಕ ಉಸಿರಾಡುತ್ತಿರುವ ರೋಗಿಯಲ್ಲಿ ರಕ್ತದಲ್ಲಿ ಕರಗಿದ ಆಮ್ಲಜನಕವನ್ನು ಮರೆಯಬಾರದು. ಪ್ರತಿ ಲೀಟರಿಗೆ, ಆಮ್ಲಜನಕದ ಒತ್ತಡದ ಪ್ರತಿ ಮಿ.ಮೀ.ಗೆ 0.03 ಮಿ.ಲೀ. ಕರಗಿರುತ್ತದೆ. ಧಮನಿ ರಕ್ತದಲ್ಲಿ ಆ ಒತ್ತಡ 400 ಇದ್ದರೆ 12 ಮಿ.ಲೀ. ಆಯಿತು. ಒಟ್ಟು ವ್ಯತ್ಯಾಸವೇ ಐವತ್ತರ ಆಸುಪಾಸು ಇರುವಾಗ ಹನ್ನೆರಡನ್ನು ಕೈಬಿಟ್ಟರೆ ಲೆಕ್ಕ ದಾರಿ ತಪ್ಪುತ್ತದೆ.

ಎರಡನೆಯ ಅಪಾಯ ಆಮ್ಲಜನಕ ಬಳಕೆಯ ಅಂಕಿ. ಉಸಿರಿನ ಅನಿಲ ಅಳೆಯುವ ಮೆಟಬಾಲಿಕ್ ಕಾರ್ಟ್‌ನಿಂದ ಅಳೆದರೆ ಉತ್ತಮ. ಆದರೆ ಒಳಹೋಗುವ ಗಾಳಿಯಲ್ಲಿ ಆಮ್ಲಜನಕ ಶೇ. 60 ದಾಟಿದರೆ, ಟ್ಯೂಬಿನ ಸುತ್ತ ಗಾಳಿ ಸೋರಿದರೆ ಅದೂ ನೆಚ್ಚಲರ್ಹವಲ್ಲ. ಅಳೆಯದೆ ಚದರ ಮೀಟರಿಗೆ 125 ಮಿ.ಲೀ. ಎಂದು ಊಹಿಸುವ ಪದ್ಧತಿ ಎಲ್ಲೆಡೆ ಇದೆ. ಜ್ವರ, ಸೆಪ್ಸಿಸ್ (ಮೈಗೆಲ್ಲ ಏರಿದ ಸೋಂಕು), ಅರಿವಳಿಕೆ, ವಯಸ್ಸು ಇವು ನಿಜವಾದ ಬಳಕೆಯನ್ನು ಆ ಊಹೆಯಿಂದ ಬಹುದೂರ ಒಯ್ಯುತ್ತವೆ, ಶೇ. 25ರಷ್ಟು ತಪ್ಪು ಅಪರೂಪವಲ್ಲ. ಊಹಿಸಿದ ಬಳಕೆಯಿಂದ ಬಂದ ಅಂಕಿಯನ್ನು ದಾಖಲೆಯಲ್ಲಿ ‘ಊಹಿತ ಫಿಕ್’ ಎಂದೇ ಬರೆಯಿರಿ. ಅಂಥ ಅಂಕಿಗಿಂತ ಬರೀ ಮಿಶ್ರ ಅಭಿಧಮನಿ ಸ್ಯಾಚುರೇಶನ್ ಹೆಚ್ಚು ಪ್ರಾಮಾಣಿಕ ಎಂಬುದು ನಮ್ಮ ಅಭಿಪ್ರಾಯ.

ಥರ್ಮೋಡೈಲ್ಯೂಶನ್: ತಂಪು ದ್ರವದ ವಿಧಾನ

ಸ್ವಾನ್ ಮತ್ತು ಗಾಂಜ್ ಅವರ ಬಲೂನ್ ಕ್ಯಾತಿಟರ್ 1970ರಲ್ಲಿ ಬಂದ ಮೇಲೆ ಹಾಸಿಗೆಯ ಪಕ್ಕದಲ್ಲೇ ಹರಿವು ಅಳೆಯುವುದು ರೂಢಿಗೆ ಬಂತು. ಬಲ ಹೃತ್ಕರ್ಣಕ್ಕೆ ತಂಪು ದ್ರವ ತಳ್ಳಿ, ಪಲ್ಮನರಿ ಆರ್ಟರಿಯಲ್ಲಿರುವ ತಾಪ ಸಂವೇದಕವಾದ ಥರ್ಮಿಸ್ಟರ್‌ನಿಂದ ತಾಪದ ಏರಿಳಿತ ನೋಡುತ್ತೇವೆ. ರಕ್ತ ವೇಗವಾಗಿ ಹರಿದರೆ ತಂಪು ಬೇಗ ಕೊಚ್ಚಿಹೋಗುತ್ತದೆ, ರೇಖೆಯ ಕೆಳಗಿನ ವಿಸ್ತೀರ್ಣ ಕಿರಿದು. ನಿಧಾನವಾಗಿ ಹರಿದರೆ ವಿಸ್ತೀರ್ಣ ಹಿರಿದು. ಅಂದರೆ ವಿಸ್ತೀರ್ಣ ಮತ್ತು ಹರಿವು ವಿಲೋಮ. ಇದು ಮನಸ್ಸಿನಲ್ಲಿ ನಿಂತರೆ ಮುಂದೆ ಹೇಳುವ ಎಲ್ಲ ತಪ್ಪುಗಳ ದಿಕ್ಕು ತಾನಾಗಿ ತಿಳಿಯುತ್ತದೆ.

ಕ್ಯಾತಿಟರ್ 110 ಸೆಂ.ಮೀ. ಉದ್ದ. ತುದಿಯಿಂದ 30 ಸೆಂ.ಮೀ. ಹಿಂದೆ ದ್ರವ ಹೊರಬೀಳುವ ಕಿಂಡಿ, ತುದಿಯಿಂದ ಸುಮಾರು 4 ಸೆಂ.ಮೀ. ದೂರದಲ್ಲಿ ಥರ್ಮಿಸ್ಟರ್, ತುದಿಯಲ್ಲಿ 1.5 ಮಿ.ಲೀ. ಗಾಳಿಯ ಬಲೂನ್.

1. ಪಲ್ಮನರಿ ಆರ್ಟರಿಯ ಒತ್ತಡದ ರೇಖೆ ಸರಿಯಾಗಿದೆಯೇ ನೋಡಿ. ಬಲೂನ್ ಇಳಿಸಿದ್ದರೂ ರೇಖೆ ಚಪ್ಪಟೆಯಾಗಿದ್ದರೆ ಕ್ಯಾತಿಟರ್ ತೀರಾ ಒಳಗೆ ಹೋಗಿ ಸಿಕ್ಕಿಕೊಂಡಿದೆ. ಆ ಸ್ಥಿತಿಯಲ್ಲಿ ಫ್ಲಶ್ ಮಾಡಬೇಡಿ, ಬಲೂನ್ ಉಬ್ಬಿಸಬೇಡಿ; ಧಮನಿ ಒಡೆಯಬಹುದು. ಮೊದಲು ಹಿಂದಕ್ಕೆ ಎಳೆಯಬೇಕು.

2. ಮಾನಿಟರ್‌ನಲ್ಲಿ ಕಂಪ್ಯುಟೇಶನ್ ಕಾನ್‌ಸ್ಟಂಟ್ ಪರಿಶೀಲಿಸಿ. ಇದು ಕ್ಯಾತಿಟರ್‌ನ ಮಾದರಿ, ದ್ರವದ ಪ್ರಮಾಣ, ದ್ರವದ ತಾಪ ಮೂರನ್ನೂ ಅವಲಂಬಿಸಿರುವ ಅಂಕಿ. ಕ್ಯಾತಿಟರ್‌ನ ಪೊಟ್ಟಣದೊಳಗಿನ ಕೋಷ್ಟಕದಲ್ಲಿ ಇರುತ್ತದೆ. ಹಿಂದಿನ ರೋಗಿಗೆ ಹಾಕಿದ ಅಂಕಿ ಹಾಗೇ ಉಳಿದುಬಿಡುವುದು ನಾವು ಕಂಡ ಅತಿ ಸಾಮಾನ್ಯ ತಪ್ಪು. ಹೊಸ ರೋಗಿ, ಹೊಸ ಕ್ಯಾತಿಟರ್ ಎಂದಾಗಲೆಲ್ಲ ಇದನ್ನು ಮತ್ತೆ ನೋಡಬೇಕು.

3. ದ್ರವ ತಳ್ಳುವ ಕಿಂಡಿಯಲ್ಲಿ ನಾರ್‌ಅಡ್ರಿನಲಿನ್‌ನಂಥ ಔಷಧ ಹರಿಯುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಹರಿಯುತ್ತಿದ್ದರೆ ಕೊಳವೆಯಲ್ಲಿದ್ದ ಔಷಧವೆಲ್ಲ ಒಂದೇ ಏಟಿಗೆ ಹೃದಯಕ್ಕೆ ಹೋಗುತ್ತದೆ. ಇದು ಅಳತೆಯ ತಪ್ಪಲ್ಲ, ಜೀವದ ಅಪಾಯ.

4. ಬೇರೆ ಲೈನ್‌ಗಳಲ್ಲಿ ವೇಗವಾಗಿ ಹೋಗುತ್ತಿರುವ ದ್ರವವನ್ನು ಸಾಧ್ಯವಾದರೆ ಅಳತೆ ಮುಗಿಯುವವರೆಗೆ ನಿಲ್ಲಿಸಿ.

5. ಶೇ. 5 ಡೆಕ್ಸ್‌ಟ್ರೋಸ್ ಅಥವಾ ಸಲೈನ್ ಸರಿಯಾಗಿ 10 ಮಿ.ಲೀ. ಎಳೆದುಕೊಳ್ಳಿ, ಗುಳ್ಳೆ ತೆಗೆಯಿರಿ. ಸಿರಿಂಜಿನ ಮೈಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಬೇಡಿ. ಕೈಯ ಬಿಸಿ ದ್ರವಕ್ಕೆ ಇಳಿಯುತ್ತದೆ. ಹಿಂಬದಿಯ ರೆಕ್ಕೆಗಳನ್ನಷ್ಟೇ ಹಿಡಿಯಿರಿ.

6. ಮಾನಿಟರ್ ಸಿದ್ಧ ಎಂದಾಗ, ಉಸಿರು ಹೊರಹೋಗಿ ಮುಗಿಯುವ ಹೊತ್ತಿಗೆ, ನಾಲ್ಕು ಸೆಕೆಂಡಿನೊಳಗೆ ಒಂದೇ ಸಮನೆ ತಳ್ಳಿ. ನಡುವೆ ತಡೆದು ತಡೆದು ತಳ್ಳಿದರೆ ರೇಖೆಗೆ ಎರಡು ಗೂನು ಬರುತ್ತದೆ.

7. ಒಂದರಿಂದ ಒಂದೂವರೆ ನಿಮಿಷ ಬಿಟ್ಟು ಮತ್ತೆ ಮಾಡಿ. ಮೂರು ಅಳತೆಗಳು ಶೇ. 10ರೊಳಗೆ ಹೊಂದಿದರೆ ಅವುಗಳ ಸರಾಸರಿ ತೆಗೆದುಕೊಳ್ಳಿ. ಮೊದಲನೆಯದು ಉಳಿದವಕ್ಕಿಂತ ಮೇಲೆ ನಿಂತರೆ ಆಶ್ಚರ್ಯವಿಲ್ಲ: ಕೊಳವೆಯೊಳಗೆ ಮೈಬಿಸಿಯಲ್ಲಿದ್ದ ದ್ರವವೂ ಅದರ ಜೊತೆ ಹೋಗಿರುತ್ತದೆ. ಅದನ್ನು ಕೈಬಿಡಿ.

ಅಂಕಿ ನೋಡುವ ಮೊದಲು ರೇಖೆ ನೋಡಿ. ಒಳ್ಳೆಯ ರೇಖೆ ನುಣುಪಾಗಿ ಬೇಗ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ, ಶುರುವಾದ ಮಟ್ಟದ ಹತ್ತಿರಕ್ಕೆ ಮರಳುತ್ತದೆ. ಬುಡರೇಖೆ ಅಲೆಯುತ್ತಿದ್ದರೆ, ಏರಿಕೆ ಒಡೆದಿದ್ದರೆ ಅಂಕಿ ಎಷ್ಟೇ ಚೆನ್ನಾಗಿದ್ದರೂ ಅಳಿಸಿಬಿಡಿ. ‘ನಾವು ಎಣಿಸಿದ ಅಂಕಿಗೆ ಹೊಂದುತ್ತದೆ’ ಎಂಬ ಕಾರಣಕ್ಕೆ ಕೆಟ್ಟ ರೇಖೆಯನ್ನು ಉಳಿಸಿಕೊಳ್ಳುವುದು, ಒಳ್ಳೆಯ ರೇಖೆಯನ್ನು ಬಿಸಾಡುವುದು ಎರಡೂ ರೋಗಿಗೆ ಮಾಡುವ ಅನ್ಯಾಯ.

ಸಣ್ಣ ಕೈತಪ್ಪು ಎಷ್ಟಕ್ಕೆ ಬೆಳೆಯುತ್ತದೆ ನೋಡಿ. ಯಂತ್ರಕ್ಕೆ 10 ಮಿ.ಲೀ. ಎಂದು ಹೇಳಿ 9 ಮಿ.ಲೀ. ತಳ್ಳಿದರೆ ತಂಪು ಕಡಿಮೆ, ವಿಸ್ತೀರ್ಣ ಕಿರಿದು, ಹರಿವು ಶೇ. 11ರಷ್ಟು ಹೆಚ್ಚೆಂದು ಕಾಣುತ್ತದೆ. ದ್ರವದ ತಾಪ 22 ಡಿಗ್ರಿ ಎಂದು ಯಂತ್ರ ನಂಬಿರುವಾಗ ಅದು ನಿಜಕ್ಕೂ 24 ಇದ್ದರೆ, 37ರ ರಕ್ತದೊಡನೆ ಇರಬೇಕಾದ 15 ಡಿಗ್ರಿ ಅಂತರ 13ಕ್ಕೆ ಇಳಿಯಿತು: ಶೇ. 15ರ ತಪ್ಪು. ಮಂಜುಗಡ್ಡೆಯಲ್ಲಿಟ್ಟ ದ್ರವದಲ್ಲಿ ಅಂತರ ದೊಡ್ಡದು, ಎರಡು ಡಿಗ್ರಿ ತಪ್ಪಿದರೂ ಹಾನಿ ಕಡಿಮೆ. ಆದರೆ ಕೈಯಲ್ಲಿ ಹಿಡಿದಷ್ಟು ಹೊತ್ತೂ ಅದು ಬಿಸಿಯಾಗುತ್ತಲೇ ಇರುತ್ತದೆ, ಕೆಲವರಲ್ಲಿ ಬಡಿತವನ್ನೂ ನಿಧಾನಗೊಳಿಸುತ್ತದೆ. ಕೋಣೆಯ ತಾಪದ ದ್ರವವೇ ದಿನನಿತ್ಯಕ್ಕೆ ಸಾಕು. ಮೈ ತಣ್ಣಗಾದ ರೋಗಿಯಲ್ಲಿ, ರಕ್ತ ಮತ್ತು ದ್ರವದ ನಡುವೆ ಹತ್ತು ಡಿಗ್ರಿಯೂ ಅಂತರ ಉಳಿಯದಿದ್ದರೆ, ಮಂಜಿನ ದ್ರವಕ್ಕೆ ಹೋಗಿ. ದ್ರವದ ತಾಪ ಅಳೆಯುವ ಪ್ರೋಬ್ ಇದ್ದರೆ ಅದನ್ನು ಸಿಕ್ಕಿಸದೆ ಬಿಡಬೇಡಿ.

ಕೈ ಸರಿಯಿದ್ದರೂ ರೋಗಿಯ ಹೃದಯವೇ ಈ ವಿಧಾನಕ್ಕೆ ಒಗ್ಗದ ಸಂದರ್ಭಗಳಿವೆ. ಬಲಗಡೆಯ ಟ್ರೈಕಸ್ಪಿಡ್ ಕವಾಟ ಜೋರಾಗಿ ಸೋರುತ್ತಿದ್ದರೆ ತಂಪು ದ್ರವ ಹಿಂದೆ ಮುಂದೆ ಓಡಾಡಿ ರೇಖೆ ಎಳೆದಂತಾಗುತ್ತದೆ, ಹರಿವು ಸಾಮಾನ್ಯವಾಗಿ ಕಡಿಮೆ ಎಂದು ತೋರುತ್ತದೆ. ಹರಿವು ತೀರಾ ಕುಗ್ಗಿದಾಗ ದಾರಿಯಲ್ಲೇ ತಂಪು ಸುತ್ತಲಿನ ಗೋಡೆಗೆ ಸೋರಿಹೋಗಿ ಹರಿವು ಇದ್ದದ್ದಕ್ಕಿಂತ ಹೆಚ್ಚೆಂದು ಕಾಣುತ್ತದೆ. ನಿಜ ತಿಳಿಯಬೇಕಾದ ರೋಗಿಯಲ್ಲೇ ಅಂಕಿ ಸಮಾಧಾನ ಹೇಳುವ ಈ ದೋಷ ನಮಗೆ ಎಲ್ಲಕ್ಕಿಂತ ಚಿಂತೆಯದು. ಹೃದಯದೊಳಗೆ ರಂಧ್ರವಿದ್ದರೆ ಈ ವಿಧಾನವನ್ನು ನಂಬಬೇಡಿ, ಫಿಕ್ ಕಡೆಗೆ ತಿರುಗಿ. ಹಾರ್ಟ್-ಲಂಗ್ ಯಂತ್ರದಿಂದ ಈಗಷ್ಟೇ ಹೊರಬಂದವರಲ್ಲಿ ರಕ್ತದ ತಾಪ ಇನ್ನೂ ಅಲೆಯುತ್ತಿರುತ್ತದೆ. ಅದು ನೆಲೆಗೊಳ್ಳುವವರೆಗೆ ಕಾಯಬೇಕು.

ದ್ರವದ ಬದಲು ಕ್ಯಾತಿಟರ್ ಮೈಮೇಲಿನ ತಂತಿ ಆಗಾಗ ಬೆಚ್ಚಗಾಗಿ ತಾನೇ ಅಳೆಯುವ ನಿರಂತರ ಮಾದರಿಯಲ್ಲಿ ಕೈತಪ್ಪಿಲ್ಲ. ಆದರೆ ಪರದೆಯ ಅಂಕಿ ಕಳೆದ ಹಲವು ನಿಮಿಷಗಳ ಸರಾಸರಿ. ರೋಗಿ ಈಗ ಕುಸಿದರೆ ಅಂಕಿ ಐದು ಹತ್ತು ನಿಮಿಷದ ನಂತರ ಕುಸಿಯುತ್ತದೆ. ಮುಂದೆ ಹೇಳುವ, ಕಾಲೆತ್ತುವಂಥ ಒಂದು ನಿಮಿಷದ ಪರೀಕ್ಷೆಗೆ ಇದು ಒದಗದು.

ಶ್ವಾಸಕೋಶ ದಾಟಿಸಿ ಅಳೆಯುವುದು, ನಾಡಿ ರೇಖೆಯಿಂದ ಅಳೆಯುವುದು

ಪಲ್ಮನರಿ ಆರ್ಟರಿಗೆ ಹೋಗದೆ, ಕುತ್ತಿಗೆಯ ಅಭಿಧಮನಿಯ ಲೈನ್‌ನಿಂದ 8 ಡಿಗ್ರಿಗಿಂತ ತಣ್ಣಗಿನ 15 ಮಿ.ಲೀ. ಸಲೈನ್ ತಳ್ಳಿ, ತೊಡೆಯ ಧಮನಿಯಲ್ಲಿರುವ ಥರ್ಮಿಸ್ಟರ್‌ನಿಂದ ಓದುವ ವಿಧಾನವೂ ಇದೆ. ದಾರಿ ಉದ್ದವಾದ್ದರಿಂದ ಉಸಿರಾಟದ ಏರಿಳಿತ ಸರಾಸರಿಗೊಳ್ಳುತ್ತದೆ. ಇಲ್ಲಿ ಉಸಿರಿಗೆ ಹೊಂದಿಸಿ ತಳ್ಳುವ ಕಾಟವಿಲ್ಲ. ಮೂರು ಸಲ ಮಾಡಿ. ಅಭಿಧಮನಿಯ ಲೈನ್ ಕೂಡ ತೊಡೆಯಲ್ಲೇ ಇದ್ದರೆ ಅದು ಧಮನಿಯ ಲೈನ್ ಇರುವ ಕಾಲಿನಲ್ಲಿ ಇರಬಾರದು, ಪಕ್ಕದಲ್ಲೇ ಹರಿಯುವ ತಂಪನ್ನು ಥರ್ಮಿಸ್ಟರ್ ನೇರವಾಗಿ ಹಿಡಿದುಬಿಡುತ್ತದೆ.

ಈ ಅಳತೆಯನ್ನು ಆಧಾರವಾಗಿಟ್ಟುಕೊಂಡು ಯಂತ್ರ ಧಮನಿಯ ನಾಡಿ ರೇಖೆಯಿಂದ ಬಡಿತ ಬಡಿತಕ್ಕೂ ಹರಿವು ಲೆಕ್ಕ ಹಾಕುತ್ತದೆ. ಕೆಲವು ಯಂತ್ರಗಳು ಆಧಾರ ಅಳತೆಯೇ ಇಲ್ಲದೆ ವಯಸ್ಸು, ಎತ್ತರ, ತೂಕ ಕೇಳಿ ಲೆಕ್ಕ ಹಾಕುತ್ತವೆ. ಎರಡರಲ್ಲೂ ತಪ್ಪು ಬೆಳೆಯುವ ಜಾಗ ನಾಡಿ ರೇಖೆಯೇ. ಫಾಸ್ಟ್ ಫ್ಲಶ್ ಮಾಡಿ, ಅಂದರೆ ಲೈನಿಗೆ ಜೋರಾಗಿ ದ್ರವ ಹಾಯಿಸಿ, ಬಿಟ್ಟಾಗ ರೇಖೆ ಒಂದೆರಡು ಸಲ ಜಿಗಿದು ನಿಲ್ಲಬೇಕು. ಜಿಗಿತವೇ ಇಲ್ಲದಿದ್ದರೆ ಲೈನಿನಲ್ಲಿ ಗುಳ್ಳೆ, ಹೆಪ್ಪು, ಮಡಿಕೆ ಇದೆ, ಇಲ್ಲವೇ ಪ್ರೆಶರ್ ಬ್ಯಾಗ್ 300 ಮಿ.ಮೀ.ಗಿಂತ ಇಳಿದಿದೆ. ಜಿಗಿತ ನಿಲ್ಲದೆ ಮುಂದುವರಿದರೆ ಕೊಳವೆ ಬಲು ಉದ್ದವಿದೆ ಅಥವಾ ನಡುವೆ ಬೇಡದ ಜೋಡಣೆಗಳಿವೆ. ಎರಡನ್ನೂ ಸರಿಪಡಿಸದೆ ಅಂಕಿ ಓದಬೇಡಿ.

ನಾಳ ಬಿಗಿಸುವ ಔಷಧದ ಪ್ರಮಾಣ ಗಣನೀಯವಾಗಿ ಬದಲಾದಾಗ ನಾಡಿ ರೇಖೆಯ ಆಕಾರವೂ ಬದಲಾಗುತ್ತದೆ. ಯಂತ್ರ ಅದನ್ನು ಹರಿವಿನ ಬದಲಾವಣೆ ಎಂದು ತಪ್ಪಾಗಿ ಓದಬಹುದು. ಆಗ ತಂಪು ದ್ರವದಿಂದ ಮತ್ತೆ ಆಧಾರ ಅಳತೆ ಮಾಡಿ. ಬದಲಾಗದಿದ್ದರೂ ಎಂಟು ಗಂಟೆಗೊಮ್ಮೆ ಮಾಡುವುದು ಒಳ್ಳೆಯ ಅಭ್ಯಾಸ. ಮಹಾಧಮನಿಯ ಕವಾಟ ಸೋರುವವರಲ್ಲಿ, ಮಹಾಧಮನಿಯೊಳಗೆ ಬಲೂನ್ ಪಂಪ್ ಇರುವವರಲ್ಲಿ, ತಾಳ ತಪ್ಪಿದ ಬಡಿತದಲ್ಲಿ ನಾಡಿ ರೇಖೆಯ ಲೆಕ್ಕ ಹಿಡಿತಕ್ಕೆ ಸಿಗುವುದಿಲ್ಲ.

ಎಕೋದಿಂದ: ಯಾವ ತೂರುನಳಿಕೆಯೂ ಇಲ್ಲದೆ

ಎಡ ಹೃತ್ಕುಕ್ಷಿಯಿಂದ ರಕ್ತ ಹೊರಡುವ ದ್ವಾರವನ್ನು, ಅಂದರೆ ಎಲ್‌ವಿಒಟಿಯನ್ನು, ಒಂದು ದುಂಡು ಕೊಳವೆ ಎಂದುಕೊಳ್ಳಿ. ಕೊಳವೆಯ ಅಡ್ಡ ವಿಸ್ತೀರ್ಣವನ್ನು ಒಂದು ಬಡಿತದಲ್ಲಿ ರಕ್ತ ಸಾಗುವ ದೂರದಿಂದ ಗುಣಿಸಿದರೆ ಸ್ಟ್ರೋಕ್ ವಾಲ್ಯೂಮ್. ಆ ದೂರಕ್ಕೆ ಎಕೋ ಕೋಣೆಯಲ್ಲಿ ವಿಟಿಐ ಎನ್ನುತ್ತೇವೆ. ಸಾಮಾನ್ಯವಾಗಿ ಅದು 18ರಿಂದ 22 ಸೆಂ.ಮೀ.

ಮೊದಲು ವ್ಯಾಸ. ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್ ನೋಟದಲ್ಲಿ ಎಲ್‌ವಿಒಟಿಯನ್ನು ಝೂಮ್ ಮಾಡಿ. ಮಹಾಧಮನಿ ಕವಾಟ ಪೂರ್ತಿ ತೆರೆದ ಕ್ಷಣದಲ್ಲಿ ಚಿತ್ರ ನಿಲ್ಲಿಸಿ, ಕವಾಟದ ಬುಡದಲ್ಲಿ ಅಥವಾ ಅದರ ಸ್ವಲ್ಪ ಕೆಳಗೆ, ಒಳ ಅಂಚಿನಿಂದ ಒಳ ಅಂಚಿಗೆ, ದ್ವಾರಕ್ಕೆ ಲಂಬವಾಗಿ ಅಳೆಯಿರಿ. ಮೂರು ಸಲ ಅಳೆಯಿರಿ. ವಯಸ್ಕರಲ್ಲಿ ಸಾಮಾನ್ಯವಾಗಿ 1.8ರಿಂದ 2.2 ಸೆಂ.ಮೀ. ಸಿಗುತ್ತದೆ, 1.6 ಅಥವಾ 2.6 ಬಂದರೆ ನೋಟವೇ ಓರೆಯಾಗಿರಬಹುದು, ಪ್ರೋಬ್ ತಿರುಗಿಸಿ ಮತ್ತೆ ಹುಡುಕಿ.

ಈ ವಿಧಾನದ ತಪ್ಪೆಲ್ಲ ಬೆಳೆಯುವುದು ಇಲ್ಲೇ, ಯಾಕೆಂದರೆ ವ್ಯಾಸದ ವರ್ಗ ಲೆಕ್ಕಕ್ಕೆ ಹೋಗುತ್ತದೆ. ವಿಸ್ತೀರ್ಣ ಅಂದರೆ 0.785 × ವ್ಯಾಸ × ವ್ಯಾಸ. ನಿಜವಾದ ವ್ಯಾಸ 2 ಸೆಂ.ಮೀ. ಇದ್ದು ನೀವು 1.8 ಅಂದರೆ ವಿಸ್ತೀರ್ಣ 3.14ರಿಂದ 2.54ಕ್ಕೆ ಇಳಿಯಿತು. ಎರಡು ಮಿ.ಮೀ. ತಪ್ಪಿಗೆ ಹರಿವಿನಲ್ಲಿ ಶೇ. 19 ನಷ್ಟ.

ಆಮೇಲೆ ವಿಟಿಐ. ಏಪಿಕಲ್ ಫೈವ್ ಚೇಂಬರ್ ನೋಟಕ್ಕೆ ಹೋಗಿ, ಪಲ್ಸ್‌ಡ್ ಡಾಪ್ಲರ್‌ನ ಸ್ಯಾಂಪಲ್ ವಾಲ್ಯೂಮನ್ನು ವ್ಯಾಸ ಅಳೆದ ಮಟ್ಟದಲ್ಲೇ, ಕವಾಟದ ಸ್ವಲ್ಪ ಕೆಳಗೆ ಇಡಿ. ಸರಿಯಾದ ಜಾಗದಲ್ಲಿದ್ದರೆ ಕವಾಟ ಮುಚ್ಚುವ ಗೆರೆ ಕಾಣುತ್ತದೆ, ತೆರೆಯುವ ಗೆರೆ ಕಾಣುವುದಿಲ್ಲ. ರೇಖೆ ಟೊಳ್ಳಾಗಿ, ತೆಳು ಅಂಚಿನದಾಗಿ ಬರಬೇಕು. ಒಳಗೆಲ್ಲ ತುಂಬಿಕೊಂಡು ಮೊನಚಾದರೆ ಕವಾಟಕ್ಕೆ ತೀರಾ ಹತ್ತಿರ ಹೋಗಿದ್ದೀರಿ, ಸ್ವಲ್ಪ ಹಿಂದೆ ಬನ್ನಿ. ಸ್ವೀಪ್ ವೇಗ ಸೆಕೆಂಡಿಗೆ 100 ಮಿ.ಮೀ. ಇಟ್ಟು, ದಟ್ಟ ಭಾಗದ ಹೊರ ಅಂಚನ್ನೇ ಅನುಸರಿಸಿ ಗೆರೆ ಎಳೆಯಿರಿ, ಅದರಾಚೆಯ ಮಸುಕು ರೋಮಗಳನ್ನು ಸೇರಿಸಬೇಡಿ. ನಿಯಮಿತ ಬಡಿತವಿದ್ದರೆ ಮೂರು ಬಡಿತಗಳ ಸರಾಸರಿ, ಬಡಿತದ ತಾಳ ತಪ್ಪಿದ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಐದರಿಂದ ಹತ್ತು. ಅಕಾಲ ಬಡಿತವನ್ನೂ ಅದರ ಹಿಂದೆಯೇ ಬರುವ ದೊಡ್ಡ ಬಡಿತವನ್ನೂ ಬಿಡಿ. ವೆಂಟಿಲೇಟರ್‌ನಲ್ಲಿರುವವರಿಗೆ ಒಂದು ಪೂರ್ತಿ ಉಸಿರಿನ ಬಡಿತಗಳನ್ನೆಲ್ಲ ತೆಗೆದುಕೊಳ್ಳಿ.

ಡಾಪ್ಲರ್ ಗೆರೆ ಹರಿವಿಗೆ ನೇರವಾಗಿರಬೇಕು. 20 ಡಿಗ್ರಿ ಓರೆಯಾದರೆ ಶೇ. 6 ಕಡಿಮೆ ಕಾಣುತ್ತದೆ, ಅದು ಸಹಿಸಬಹುದು. 30 ಆದರೆ ಶೇ. 13, 45 ಆದರೆ ಶೇ. 29. ಯಂತ್ರದ ಕೋನ ತಿದ್ದುವ ಗುಂಡಿಯಿಂದ ಇದನ್ನು ಮುಚ್ಚಬೇಡಿ, ಪ್ರೋಬನ್ನೇ ಸರಿಸಿ. ಓರೆ ಯಾವಾಗಲೂ ಹರಿವನ್ನು ಕಡಿಮೆ ತೋರಿಸುತ್ತದೆಯೇ ಹೊರತು ಹೆಚ್ಚಿಸುವುದಿಲ್ಲ. ಹಾಗಾಗಿ ಹಲವು ಕೋನಗಳಲ್ಲಿ ಹುಡುಕಿ, ಸ್ವಚ್ಛವಾಗಿ ಸಿಕ್ಕ ಅತಿ ದೊಡ್ಡ ರೇಖೆಯನ್ನು ಹಿಡಿಯಿರಿ.

ವ್ಯಾಸ 2 ಸೆಂ.ಮೀ., ವಿಟಿಐ 18, ಬಡಿತ 80 ಎಂದರೆ ಬಡಿತಕ್ಕೆ 56.5 ಮಿ.ಲೀ., ನಿಮಿಷಕ್ಕೆ 4.5 ಲೀಟರ್. ಮೇಲೆ ಲೆಕ್ಕ ಹಾಕಿದ 1.66 ಚದರ ಮೀಟರಿನ ದೇಹಕ್ಕೆ ಇಂಡೆಕ್ಸ್ 2.7.

ಒಬ್ಬ ವಯಸ್ಕ ರೋಗಿಯಲ್ಲಿ ಎಲ್‌ವಿಒಟಿ ವ್ಯಾಸ ದಿನದಿಂದ ದಿನಕ್ಕೆ ಬದಲಾಗುವುದಿಲ್ಲ. ಒಮ್ಮೆ ಚೆನ್ನಾಗಿ ಅಳೆದು ಕೇಸ್ ಶೀಟಿನಲ್ಲಿ ಬರೆದಿಡಿ, ಮುಂದಿನವರೆಲ್ಲ ಅದನ್ನೇ ಬಳಸಲಿ. ವ್ಯಾಸ ಕಾಣದಿದ್ದರೆ ಬರೀ ವಿಟಿಐ ಸಾಕು. ಅದು ಏರಿತೇ ಇಳಿಯಿತೇ ಎಂಬುದರಲ್ಲೇ ಬೇಕಾದ ಉತ್ತರದ ಬಹುಪಾಲು ಇದೆ. ಬಡಿತದ ಸಂಖ್ಯೆಯನ್ನು ಜೊತೆಗೆ ಬರೆಯಲು ಮಾತ್ರ ಮರೆಯಬೇಡಿ. ವಿಟಿಐ 12ಕ್ಕೆ ಇಳಿದಿದ್ದರೂ ಬಡಿತ 130 ಇದ್ದರೆ ಒಟ್ಟು ಹರಿವು ಸಮನಾಗಿಯೇ ಇರಬಹುದು.

ಮಹಾಧಮನಿಯ ಕವಾಟ ಸೋರುತ್ತಿದ್ದರೆ ಈ ಅಂಕಿಯಲ್ಲಿ ಹಿಂದಕ್ಕೆ ಬೀಳುವ ರಕ್ತವೂ ಸೇರಿರುತ್ತದೆ, ದೇಹಕ್ಕೆ ಸಿಗುವುದು ಕಡಿಮೆ. ಎಲ್‌ವಿಒಟಿಯಲ್ಲೇ ಅಡಚಣೆ ಇದ್ದು ರೇಖೆ ತಡವಾಗಿ ಮೊನಚಾಗಿ ಏರುತ್ತಿದ್ದರೆ ಈ ಲೆಕ್ಕವನ್ನೇ ಬಿಡಬೇಕು. ಹೃತ್ಕುಕ್ಷಿಯ ಗಾತ್ರಗಳ ವ್ಯತ್ಯಾಸದಿಂದ ಸ್ಟ್ರೋಕ್ ವಾಲ್ಯೂಮ್ ತೆಗೆಯುವವರು ಮೈಟ್ರಲ್ ಕವಾಟದ ಸೋರಿಕೆಯನ್ನು ನೆನಪಿಡಬೇಕು: ಅಲ್ಲಿ ಹಿಂದಕ್ಕೆ ಹೋದ ರಕ್ತವೂ ಮೊತ್ತದಲ್ಲಿ ಇದೆ, ಎಲ್‌ವಿಒಟಿ ಲೆಕ್ಕದಲ್ಲಿ ಇಲ್ಲ.

ದ್ರವ ಕೊಡಬೇಕೇ? ಕಾಲೆತ್ತಿ ನೋಡುವ ಪರೀಕ್ಷೆ

ಹರಿವು ಅಳೆಯಲು ಬಂದವರು ಇದನ್ನು ಕಲಿಯದೆ ಹೋಗಬಾರದು. ರೋಗಿಯ ತಲೆಭಾಗವನ್ನು 45 ಡಿಗ್ರಿ ಎತ್ತಿಟ್ಟು ಹರಿವು ಅಳೆಯಿರಿ. ಬಳಿಕ ಮಂಚದ ಯಾಂತ್ರಿಕ ವ್ಯವಸ್ಥೆಯಿಂದಲೇ ಮುಂಡವನ್ನು ಚಪ್ಪಟೆ ಮಾಡಿ, ಕಾಲುಗಳನ್ನು 45 ಡಿಗ್ರಿಗೆ ಎತ್ತಿ. ಕೈಯಿಂದ ಕಾಲು ಹಿಡಿದೆತ್ತಿದರೆ ನೋವು, ಗಾಬರಿಯಿಂದ ಬಡಿತ ಏರಿ ಫಲಿತಾಂಶ ಕೆಡುತ್ತದೆ. ಒಂದು ನಿಮಿಷದೊಳಗೆ ಮತ್ತೆ ಅಳೆಯಿರಿ, ಯಾಕೆಂದರೆ ಪರಿಣಾಮ ಹೆಚ್ಚು ಹೊತ್ತು ನಿಲ್ಲದು. ಹರಿವು ಶೇ. 10–15 ಅಥವಾ ಹೆಚ್ಚು ಏರಿದರೆ ಹೃದಯ ಇನ್ನಷ್ಟು ದ್ರವವನ್ನು ಬಳಸಿಕೊಳ್ಳಬಲ್ಲದು. ರಕ್ತದೊತ್ತಡ ಏರಿತೇ ಎಂದು ನೋಡಿ ತೀರ್ಮಾನಿಸಬೇಡಿ, ಹರಿವನ್ನೇ ನೋಡಿ. ಮೊದಲ ಭಂಗಿಗೆ ಮರಳಿಸಿದಾಗ ಅಂಕಿಯೂ ಮರಳಬೇಕು; ಮರಳದಿದ್ದರೆ ನಡುವೆ ಬೇರೇನೋ ಬದಲಾಗಿದೆ. ಹೊಟ್ಟೆಯೊಳಗಿನ ಒತ್ತಡ ಹೆಚ್ಚಿರುವವರಲ್ಲಿ ಪರೀಕ್ಷೆ ಸುಳ್ಳು ಹೇಳಬಹುದು. ಹಾಗೆಯೇ, ಬಳಸಿಕೊಳ್ಳಬಲ್ಲದು ಎಂದರೆ ಕೊಡಲೇಬೇಕು ಎಂದಲ್ಲ. ಹರಿವು ಸಾಲದು ಎಂಬ ಲಕ್ಷಣ ಇದ್ದರೆ ಮಾತ್ರ ಕೊಡಬೇಕು.

ಬಂದ ಅಂಕಿಯನ್ನು ಪ್ರಶ್ನಿಸುವುದು

ಮೂರು ಸಲ ಅಳೆದು ಸರಾಸರಿ ತೆಗೆದ ಥರ್ಮೋಡೈಲ್ಯೂಶನ್‌ನಲ್ಲೂ ಶೇ. 10–15ಕ್ಕಿಂತ ಸಣ್ಣ ಬದಲಾವಣೆಯನ್ನು ನಿಜವೆಂದು ಹೇಳಲಾಗದು. 4.2 ಇದ್ದದ್ದು 4.5 ಆಯಿತೆಂದು ಔಷಧ ಕೆಲಸ ಮಾಡಿತು ಎನ್ನಬೇಡಿ. ಬೆಳಿಗ್ಗೆ ಎಕೋ, ಸಂಜೆ ಥರ್ಮೋಡೈಲ್ಯೂಶನ್ ಮಾಡಿ ಎರಡನ್ನೂ ಹೋಲಿಸುವುದಂತೂ ಬೇಡವೇ ಬೇಡ. 1999ರಲ್ಲಿ ಲೆಸ್ಟರ್ ಮತ್ತು ಜೂಲಿಯನ್ ಕ್ರಿಚ್ಲಿ ಹೊಸ ಉಪಕರಣಗಳಿಗೆ ಒಪ್ಪಬಹುದಾದ ಎಲ್ಲೆಯೆಂದು ಸೂಚಿಸಿದ್ದೇ ಶೇ. 30ರ ವ್ಯತ್ಯಾಸ. ಎದೆಯ ಮೇಲಿನ ಪಟ್ಟಿಗಳಿಂದ ವಿದ್ಯುತ್ ಹಾಯಿಸಿ ಅಳೆಯುವ ಸಾಧನಗಳು ಮೈ ಊದಿದ, ಎದೆಯಲ್ಲಿ ನೀರು ತುಂಬಿದ ರೋಗಿಗಳಲ್ಲಿ ಆ ಎಲ್ಲೆಯನ್ನೂ ದಾಟಬಹುದು. ಕಾಯಿಲೆ ತೀವ್ರವಾಗಿರುವ ರೋಗಿಯ ಚಿಕಿತ್ಸೆಯನ್ನು ಅವುಗಳೊಂದರ ಮೇಲೇ ನಿಲ್ಲಿಸಬೇಡಿ.

ಅಂಕಿ ಬಂದ ತಕ್ಷಣ ಮೂರು ಕಡೆ ತಾಳೆ ನೋಡಿ. ಒಂದು, ಬಡಿತದಿಂದ ಭಾಗಿಸಿ. 2.1 ಲೀಟರನ್ನು 120 ಬಡಿತದಿಂದ ಭಾಗಿಸಿದರೆ 17.5 ಮಿ.ಲೀ.; ಎಕೋದಲ್ಲಿ ಹೃದಯ ಚೆನ್ನಾಗಿ ಕುಗ್ಗಿ ಹಿಗ್ಗುತ್ತಾ ವಿಟಿಐ 18 ತೋರಿಸುತ್ತಿದ್ದರೆ ಎರಡರಲ್ಲಿ ಒಂದು ತಪ್ಪು. ಎರಡು, ಮಿಶ್ರ ಅಭಿಧಮನಿಯ ಸ್ಯಾಚುರೇಶನ್: ಹರಿವು ಕಡಿಮೆ ಎನ್ನುವಾಗ ಅದು ಸಾಮಾನ್ಯದ 65–75ಕ್ಕಿಂತ ಇಳಿದಿರಬೇಕು. 80 ಇದ್ದರೆ ಮಾದರಿ ತೆಗೆದ ರೀತಿ, ರಂಧ್ರದ ಸಾಧ್ಯತೆ, ಜೀವಕೋಶಗಳು ಆಮ್ಲಜನಕವನ್ನೇ ಬಳಸದ ಸೆಪ್ಸಿಸ್ ಸ್ಥಿತಿ ಎಲ್ಲವನ್ನೂ ಯೋಚಿಸಿ. ಮೂರು, ರೋಗಿ. ಕೈಕಾಲು ತಣ್ಣಗಾಗಿ, ಮೂತ್ರ ನಿಂತು, ಲ್ಯಾಕ್ಟೇಟ್ ಏರುತ್ತಿರುವವರ ಪಕ್ಕದ ಪರದೆಯಲ್ಲಿ 6 ಲೀಟರ್ ಕಂಡರೆ ಸಿರಿಂಜ್, ಕಾನ್‌ಸ್ಟಂಟ್, ಪ್ರೋಬ್ ಮೂರನ್ನೂ ಮೊದಲಿನಿಂದ ನೋಡಬೇಕು.

ದಾಖಲೆಯಲ್ಲಿ ಬರೀ ‘4.5’ ಎಂದು ಬರೆದರೆ ರಾತ್ರಿ ಪಾಳಿಯವರಿಗೆ ಏನೂ ತಿಳಿಯದು. ವಿಧಾನ, ಹೊತ್ತು, ತಲೆಭಾಗದ ಕೋನ, ಬಡಿತ, ಸರಾಸರಿ ಒತ್ತಡ, ಓಡುತ್ತಿರುವ ಔಷಧ ಮತ್ತು ಪ್ರಮಾಣ, ವೆಂಟಿಲೇಟರ್‌ನ ಪೀಪ್ (ಉಸಿರು ಬಿಟ್ಟ ಮೇಲೂ ಉಳಿಸುವ ಒತ್ತಡ), ಹಿಮೋಗ್ಲೋಬಿನ್, ಎಷ್ಟು ಅಳತೆಗಳ ಸರಾಸರಿ, ಎಷ್ಟು ಕೈಬಿಟ್ಟಿರಿ ಇಷ್ಟೂ ಒಂದು ಸಾಲಿನಲ್ಲಿ ಹಿಡಿಯುತ್ತದೆ.

ಪಲ್ಮನರಿ ಆರ್ಟರಿ ಕ್ಯಾತಿಟರ್‌ನ ಅಂಕಿ ಚಿಕಿತ್ಸೆಯನ್ನು ಬದಲಿಸುವುದು ನಿಂತ ದಿನವೇ ಅದನ್ನು ತೆಗೆಯಿರಿ. ಸೋಂಕು, ಹೆಪ್ಪು, ಧಮನಿಯ ಗಾಯ ಇವು ದಿನ ಕಳೆದಂತೆ ಕಾಯುತ್ತಿರುವ ಅಪಾಯಗಳು. ತೆಗೆಯುವಾಗ ರೋಗಿ ಚಪ್ಪಟೆ ಮಲಗಿರಲಿ. ಬಲೂನಿನ ಸಿರಿಂಜ್ ಕಳಚಿ ಬಲೂನ್ ತಾನಾಗಿ ಇಳಿಯಲು ಬಿಡಿ. ಇಸಿಜಿ ನೋಡುತ್ತಾ ಒಂದೇ ಸಮನೆ ಎಳೆಯಿರಿ. ಬಲ ಹೃತ್ಕುಕ್ಷಿ ದಾಟುವಾಗ ಕೆಲವು ಅಕಾಲ ಬಡಿತ ಬರುವುದುಂಟು, ಅಲ್ಲಿ ನಿಲ್ಲಿಸದೆ ಮುಂದುವರಿಸಿ. ಎಲ್ಲಾದರೂ ಬಿಗಿ ಹಿಡಿದಂತಾದರೆ ಬಲ ಹಾಕದೆ ನಿಲ್ಲಿಸಿ ಎದೆಯ ಎಕ್ಸ್‌ರೇ ತೆಗೆಸಿ, ಒಳಗೆ ಗಂಟು ಬಿದ್ದಿರಬಹುದು.